ಮೇಸ್ತ್ರಿ ಗೊತ್ತು ಮಾಡುವ ಮುಂಚೆ ಒಂದು ನೋಟ್‌ಬುಕ್

(ಬೆಂಗಳೂರಿನ ಒಂದು ಬಡಾವಣೆಯ ನಿವಾಸಿಗಳ ಸಂಘದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಒಳ್ಳೆ ಪ್ಲಂಬರ್ ಯಾರಾದ್ರೂ ಇದ್ರೆ ನಂಬರ್ ಕಳಿಸಿ." ಸ್ವಲ್ಪ ಹೊತ್ತಿಗೆ ನಾಲ್ಕಾರು ನಂಬರ್ ಬಂದು ಬೀಳುತ್ತವೆ. ಅಷ್ಟೇ, ಬರೀ ನಂಬರ್. ಕಳಿಸಿದವರ ಮನೆಯಲ್ಲಿ ಆತ ಏನು ಕೆಲಸ ಮಾಡಿದ್ದ, ಯಾವ ವರ್ಷ ಮಾಡಿದ್ದ, ಆ ಕೆಲಸ ಈಗ ಹೇಗಿದೆ, ಒಂದೂ ಇರುವುದಿಲ್ಲ. ನಲ್ಲಿಯ ವಾಷರ್ ಹಾಕಿದವರ ನಂಬರೂ ಹಾಗೇ ಬರುತ್ತದೆ, ಇಡೀ ಮನೆಯ ಪೈಪ್ ಬದಲಾಯಿಸಿದವರ ನಂಬರೂ ಹಾಗೇ ಬರುತ್ತದೆ. ಆ ನಂಬರಿನ ಮೇಲೆ ನಂಬಿಕೆ ಇಟ್ಟು ನಾವು ಲಕ್ಷ ಎರಡು ಲಕ್ಷದ ಬಾತ್‌ರೂಮ್ ಕೆಲಸ ಒಪ್ಪಿಸುತ್ತೇವೆ.

ಇವತ್ತು ನಾನು ಹೇಳಲು ಬಂದಿರುವುದು ಒಂದೇ ಮಾತು. ಮೇಸ್ತ್ರಿ ಹೇಗೆ ಅಂತ ಗೊತ್ತಾಗುವುದು ಅವರ ಹಳೆಯ ಕೆಲಸದಿಂದ. ಆ ಹಳೆಯ ಕೆಲಸವನ್ನು ಬರೆದಿಡುವವರು ಯಾರೂ ಇಲ್ಲ. ಬರೆದಿಡಬೇಕಾದವರು ನಾವು, ಮನೆಯವರು. ಹಾಗೆ ಬರೆದಿಟ್ಟರೆ ನಮಗೆ ಎಷ್ಟು ಅನುಕೂಲವೋ ನಿಯತ್ತಾಗಿ ದುಡಿಯುವ ಮೇಸ್ತ್ರಿಗೂ ಅಷ್ಟೇ ಅನುಕೂಲ.

ಸರ್ಕಾರದ ಲೈಸೆನ್ಸ್ ನೋಡಿದರೆ ಸಾಲದೇ ಅಂತ ಕೆಲವರು ಕೇಳುತ್ತಾರೆ. ಯಾವ ಕೆಲಸಕ್ಕೆ ಲೈಸೆನ್ಸ್ ಇದೆ, ಯಾವುದಕ್ಕೆ ಇಲ್ಲ ಅಂತ ಮೊದಲು ತಿಳಿದುಕೊಳ್ಳೋಣ. ವಿದ್ಯುತ್ ಕೆಲಸಕ್ಕೆ ಇದೆ. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್‌ಗಳಿಗೆ ಲೈಸೆನ್ಸ್ ಕೊಡುತ್ತದೆ, ವೈರ್‌ಮನ್‌ಗಳಿಗೆ ಪರ್ಮಿಟ್ ಕೊಡುತ್ತದೆ. ಬಲ್ಬು, ಫ್ಯಾನು, ಸ್ವಿಚ್ಚು ಬದಲಾಯಿಸುವುದಕ್ಕೆ ಅದೆಲ್ಲ ಬೇಕಿಲ್ಲ. ಇಡೀ ಮನೆಗೆ ಹೊಸ ವೈರಿಂಗ್ ಮಾಡಿಸುವುದಾದರೆ ಕೇಳಿಯೇ ಕೇಳಿ. ಲೈಸೆನ್ಸ್ ಇರುವವರು ತೋರಿಸಲು ಹಿಂದೆಮುಂದೆ ನೋಡುವುದಿಲ್ಲ. ನೀರು ಮತ್ತು ಒಳಚರಂಡಿ ಸಂಪರ್ಕದ ಕೆಲಸಕ್ಕೆ ಬೆಂಗಳೂರು ಜಲಮಂಡಳಿಯ ಲೈಸೆನ್ಸ್ ಪಡೆದ ಪ್ಲಂಬರ್‌ಗಳಿದ್ದಾರೆ.

ಗಾರೆ ಕೆಲಸ, ಟೈಲ್ಸ್, ಪೇಂಟಿಂಗ್, ಮರಗೆಲಸ, ವಾಟರ್‌ಪ್ರೂಫಿಂಗ್, ಇವಕ್ಕೆ ನಮ್ಮಲ್ಲಿ ಅಂಥ ಲೈಸೆನ್ಸೇ ಇಲ್ಲ. ಯಾರು ಬೇಕಾದರೂ ವಿಸಿಟಿಂಗ್ ಕಾರ್ಡ್ ಮಾಡಿಸಬಹುದು. ಕೆಲವರ ಕಾರ್ಡಿನ ಮೇಲೆ "ಕ್ಲಾಸ್ ಒನ್ ಕಾಂಟ್ರಾಕ್ಟರ್" ಅಂತ ಇರುತ್ತದೆ. ಅದು ಲೋಕೋಪಯೋಗಿ ಇಲಾಖೆಯ ಟೆಂಡರ್ ಹಾಕಲು ಮಾಡಿಸುವ ನೋಂದಣಿ. ರಸ್ತೆ, ಸರ್ಕಾರಿ ಕಟ್ಟಡಗಳ ವಿಷಯ. ನಿಮ್ಮ ಬಾತ್‌ರೂಮಿನ ಮೂಲೆಯಲ್ಲಿ ನೀರು ನಿಲ್ಲುತ್ತದೋ ಇಲ್ಲವೋ ಅನ್ನುವುದಕ್ಕೆ ಅದು ಉತ್ತರ ಹೇಳುವುದಿಲ್ಲ.

ಜಿಎಸ್‌ಟಿ ಹಾಗಲ್ಲ, ಅದರಿಂದ ನಮಗೆ ನಿಜವಾದ ಉಪಯೋಗ ಇದೆ. ಕಾಂಟ್ರಾಕ್ಟರ್ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದರೆ ಅವರ ನಂಬರ್ ಕೇಳಿ. ಅದು 15 ಅಕ್ಷರ-ಅಂಕಿಗಳ ನಂಬರ್. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಮುಂದಿನ ಹತ್ತು ಅಕ್ಷರ ಅವರ ಪ್ಯಾನ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಹುಡುಕಬಹುದು. ನೋಂದಾಯಿತ ಹೆಸರು, ನೋಂದಣಿಯ ದಿನಾಂಕ, ಈಗ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ಎಲ್ಲ ಕಾಣುತ್ತದೆ. ಇಪ್ಪತ್ತು ವರ್ಷದ ಅನುಭವ ಅಂತ ಹೇಳಿಕೊಂಡ ಸಂಸ್ಥೆಯ ನೋಂದಣಿ ಹೋದ ತಿಂಗಳದ್ದಾಗಿದ್ದರೆ ಯಾಕೆ ಅಂತ ಕೇಳಬೇಕು. ಕಾರಣ ಸರಿಯಾಗಿಯೇ ಇರಬಹುದು, ಆದರೂ ಕೇಳಬೇಕು. ನಂಬರೇ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವ ಹಾಗಿಲ್ಲ. ಹಾಗಂತ ನಂಬರ್ ಇಲ್ಲದವರೆಲ್ಲ ಮೋಸಗಾರರು ಅಂತ ತಿಳಿಯಬೇಡಿ. ವರ್ಷಕ್ಕೆ 20 ಲಕ್ಷದ ಒಳಗೆ ಸೇವೆಯ ವಹಿವಾಟು ಇರುವವರು ಸಾಮಾನ್ಯವಾಗಿ ನೋಂದಾಯಿಸಬೇಕಾಗಿಲ್ಲ. ನಮ್ಮ ಅತ್ಯುತ್ತಮ ಮೇಸ್ತ್ರಿಗಳಲ್ಲಿ ಎಷ್ಟೋ ಜನ ಅಂಥವರು.

ಕಾಗದದ ವಿಚಾರ ಇಷ್ಟೇ. ಇದಕ್ಕಿಂತ ದೊಡ್ಡ ಪರೀಕ್ಷೆ ಅಂದರೆ ಹಳೆಯ ಕೆಲಸವನ್ನು ಹೋಗಿ ನೋಡುವುದು.

ಮೇಸ್ತ್ರಿಗಳು ಮೊಬೈಲ್‌ನಲ್ಲಿ ಫೋಟೋ ತೋರಿಸುತ್ತಾರೆ. ಎಲ್ಲವೂ ಕೆಲಸ ಮುಗಿದ ದಿನದ ಫೋಟೋಗಳು. ಮುಗಿದ ದಿನ ಎಲ್ಲ ಬಾತ್‌ರೂಮೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ನೀವು ಕೇಳಬೇಕಾದದ್ದು ಒಂದು ಮಳೆಗಾಲವಾದರೂ ಕಳೆದ ಕೆಲಸ. ತಾರಸಿಯ ವಾಟರ್‌ಪ್ರೂಫಿಂಗ್ ಆದರೆ ಮುಂಗಾರು, ಹಿಂಗಾರು ಎರಡೂ ಕಂಡಿರಬೇಕು. ಬೆಂಗಳೂರಿನಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜುಲೈ ಜಿಟಿಜಿಟಿ ಮಳೆಗೆ ಸೋರದ ತಾರಸಿ ಅಕ್ಟೋಬರ್‌ನಲ್ಲಿ ಸೋರಿದ್ದನ್ನು ಇಲ್ಲಿ ಕೂತವರಲ್ಲಿ ಹಲವರು ಕಂಡಿದ್ದೀರಿ. ಹೋಗಿ ನೋಡುವಾಗ ಬಾತ್‌ರೂಮಿನ ಒಳಗಿಗಿಂತ ಅದರ ಹೊರಗೋಡೆ ನೋಡಿ. ಬಾಗಿಲ ಚೌಕಟ್ಟಿನ ಬುಡ ನೋಡಿ, ಮರ ಕಪ್ಪಾಗಿದೆಯಾ, ಉಬ್ಬಿದೆಯಾ. ಕೆಳಗಿನ ಮನೆಯವರು ಒಪ್ಪಿದರೆ ಅವರ ಚಾವಣಿ ನೋಡಿ. ಒಂದು ಬಕೆಟ್ ನೀರು ಸುರಿಯಲು ಅನುಮತಿ ಕೇಳಿ, ನೀರು ಎತ್ತ ಹರಿಯುತ್ತದೆ ನೋಡಿ.

ಆ ಮನೆಯವರನ್ನು "ಕೆಲಸ ಚೆನ್ನಾಗಿದೆಯಾ" ಅಂತ ಕೇಳಿದರೆ "ಪರವಾಗಿಲ್ಲ, ಚೆನ್ನಾಗಿ ಮಾಡ್ತಾನೆ" ಅನ್ನುತ್ತಾರೆ. ಅದರಿಂದ ಏನೂ ತಿಳಿಯದು. ಮುಗಿದ ಮೇಲೆ ಏನಾದರೂ ತೊಂದರೆ ಬಂತಾ, ಕರೆದಾಗ ಬಂದರಾ, ಎಷ್ಟು ದಿನಕ್ಕೆ ಬಂದರು, ಅದಕ್ಕೆ ಹಣ ಕೇಳಿದರಾ ಅಂತ ಕೇಳಿ. ತೊಂದರೆ ಎಲ್ಲ ಕೆಲಸದಲ್ಲೂ ಬರುತ್ತದೆ. ವಾಪಸ್ ಬಂದು ಸರಿಮಾಡಿಕೊಟ್ಟವರು ಯಾರು ಅನ್ನುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಮಾಹಿತಿ. ಹೇಳಿದ ಮೊತ್ತಕ್ಕೂ ಕೊನೆಗೆ ಕೊಟ್ಟ ಮೊತ್ತಕ್ಕೂ ಎಷ್ಟು ಅಂತರ ಬಂತು ಅಂತಲೂ ಕೇಳಿ.

ಮೇಸ್ತ್ರಿ ನಿಮ್ಮ ಮನೆ ನೋಡಲು ಬಂದಾಗಲೂ ಗಮನಿಸಿ. ಅವರು ನಿಮ್ಮನ್ನು ಪ್ರಶ್ನೆ ಕೇಳುತ್ತಾರಾ? ಸೋರುವುದು ಸ್ನಾನ ಮಾಡಿದಾಗ ಮಾತ್ರವಾ, ಇಡೀ ದಿನವಾ? ಇಡೀ ದಿನ ಸೋರಿದರೆ ಒತ್ತಡದಲ್ಲಿರುವ ನೀರಿನ ಪೈಪ್ ಮೇಲೆ ಅನುಮಾನ. ಸ್ನಾನದ ಹೊತ್ತಿಗೆ ಮಾತ್ರ ಆದರೆ ನೆಲ ಇಲ್ಲವೇ ಕೊಳಚೆ ಪೈಪ್. ಇದನ್ನು ಕೇಳದೆ "ಎಲ್ಲಾ ಒಡೆದು ಹೊಸದಾಗಿ ಮಾಡ್ಬೇಕು ಸಾರ್" ಅನ್ನುವವರಿಗೂ, ಟೈಲ್ಸ್ ಸಂದಿಗೆ ಕೆಮಿಕಲ್ ಹಚ್ಚಿದರೆ ಸಾಕು ಅನ್ನುವವರಿಗೂ ಕಾರಣ ಗೊತ್ತಿಲ್ಲ. ಫೋನಿನಲ್ಲೇ ರೇಟ್ ಹೇಳುವವರ ಮಾತು ಬಿಡಿ.

ಈಗ ಕೊಟೇಶನ್. ಮೂರು ಜನರಿಂದ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಒಬ್ಬರು 45,000, ಇನ್ನೊಬ್ಬರು 70,000, ಮತ್ತೊಬ್ಬರು 1,10,000 ಹೇಳುತ್ತಾರೆ ಅಂದುಕೊಳ್ಳಿ. ಮೂವರೂ ಬೇರೆ ಬೇರೆ ಕೆಲಸಕ್ಕೆ ರೇಟ್ ಹೇಳಿರುತ್ತಾರೆ. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಬಾತ್‌ರೂಮಿನ ಸ್ಲ್ಯಾಬ್ ತಗ್ಗಿನಲ್ಲಿರುತ್ತದೆ. ಆ ತಗ್ಗಿನಲ್ಲಿ ಪೈಪ್ ಹಾಯಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಕಿರುತ್ತಾರೆ. ಕಡಿಮೆ ಹೇಳಿದವರು ಮೇಲಿನ ಟೈಲ್ಸ್ ಮಾತ್ರ ತೆಗೆಯುತ್ತಾರೋ, ಸ್ಲ್ಯಾಬಿನ ತನಕ ಅಗೆಯುತ್ತಾರೋ? ಡೆಬ್ರಿಸ್, ಅಂದರೆ ಒಡೆದ ಚೂರುಪಾರು, ಕೆಳಗಿಳಿಸಿ ಸಾಗಿಸುವುದು ಯಾರು? ಹಳೆಯ ಕಮೋಡ್ ವಾಪಸ್ ಕೂರಿಸುವುದು ಸೇರಿದೆಯಾ? ವಾಟರ್‌ಪ್ರೂಫಿಂಗ್ ಗೋಡೆಯ ಮೇಲೆ ಎಷ್ಟು ಅಡಿ ತನಕ? ಟೈಲ್ಸ್ ಹಾಕುವ ಮುಂಚೆ ನೀರು ಕಟ್ಟಿ ನಿಲ್ಲಿಸಿ ಎರಡು ಮೂರು ದಿನ ನೋಡುತ್ತಾರಾ? ಆ ನೀರು ನಿಲ್ಲಿಸುವ ಪರೀಕ್ಷೆಯನ್ನು ಬರೆಸಿಕೊಳ್ಳದೆ ಯಾರೂ ಬಾತ್‌ರೂಮ್ ಕೆಲಸ ಶುರು ಮಾಡಬೇಡಿ. ನಿಂತ ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿ, ದಿನಾಂಕ ಬರೆದು, ಫೋಟೋ ತೆಗೆಯಿರಿ. ಸ್ವಲ್ಪ ನೀರು ಆವಿಯಾಗುತ್ತದೆ. ಕೆಳಗಿನ ಚಾವಣಿ ಒಣಗಿರುತ್ತದೋ ಇಲ್ಲವೋ ಅನ್ನುವುದೇ ತೀರ್ಮಾನ.

ಕೆಲಸದ ಪಟ್ಟಿ ನಾವೇ ಒಂದು ಹಾಳೆಯಲ್ಲಿ ಬರೆದು ಮೂವರಿಗೂ ಅದನ್ನೇ ಕೊಡಬೇಕು. ಆಗ ರೇಟ್‌ಗಳನ್ನು ಹೋಲಿಸಬಹುದು.

ಅಳತೆಯ ಜಗಳ ಪೇಂಟಿಂಗ್‌ನಲ್ಲಿ ಜಾಸ್ತಿ. 10 ಅಡಿ 12 ಅಡಿಯ ಕೋಣೆ, ಎತ್ತರ 10 ಅಡಿ ಅಂತಿಟ್ಟುಕೊಳ್ಳಿ. ನಾಲ್ಕು ಗೋಡೆ 440 ಚದರ ಅಡಿ, ಚಾವಣಿ 120, ಒಟ್ಟು 560. ಮೂರು ಅಡಿ ಏಳು ಅಡಿಯ ಬಾಗಿಲು, ನಾಲ್ಕಕ್ಕೆ ನಾಲ್ಕರ ಕಿಟಕಿ ಕಳೆದರೆ 523. ಕಳೆಯಬೇಕೋ ಬೇಡವೋ ಅಂತ ಮೊದಲೇ ಬರೆಯಲಿಲ್ಲ ಅಂದರೆ ಪ್ರತಿ ಕೋಣೆಗೆ 37 ಚದರ ಅಡಿಯ ವಾದ. ಬಾಗಿಲು ಕಿಟಕಿಯ ಬದಿಗೆ ಹೊಡೆಯುವ ಕೆಲಸ ಇರುತ್ತದೆ, ಹಾಗಾಗಿ ಕಳೆಯಬೇಡಿ ಅಂತ ಪೇಂಟರ್ ಕೇಳುವುದರಲ್ಲೂ ನ್ಯಾಯ ಇದೆ. ಯಾವುದಾದರೂ ಸರಿ, ಕೆಲಸಕ್ಕೆ ಮುಂಚೆ ಇಬ್ಬರೂ ಸೇರಿ ಟೇಪ್ ಹಿಡಿದು ಅಳೆದು, ಅಂಕಿ ಬರೆದು, ಇಬ್ಬರೂ ಸಹಿ ಹಾಕಿ.

ಇನ್ನು ನೋಟ್‌ಬುಕ್. ಕ್ರಯಪತ್ರ ಎಲ್ಲಿಡುತ್ತೀರೋ ಅಲ್ಲೇ ಇದನ್ನೂ ಇಡಿ. ಇದು ಮನೆಗೆ ಸೇರಿದ ಪುಸ್ತಕ. ಪ್ರತಿ ಕೆಲಸಕ್ಕೂ ಒಂದೆರಡು ಪುಟ. ಯಾರು ಮಾಡಿದರು, ಅವರ ಫೋನ್, ಯಾರು ಪರಿಚಯಿಸಿದರು, ಶುರುವಾದ ದಿನ, ಮುಗಿಯುತ್ತದೆ ಅಂದ ದಿನ, ನಿಜವಾಗಿ ಮುಗಿದ ದಿನ. ಒಪ್ಪಿದ ಮೊತ್ತ, ನಡುವೆ ಸೇರಿದ ಎಕ್ಸ್‌ಟ್ರಾ, ಕೊಟ್ಟ ಹಣ. ಏನೇನು ಸಾಮಗ್ರಿ ಬಂತು.

ಸಾಮಗ್ರಿ ಅಂದರೆ ಬರೀ ಕಂಪನಿಯ ಹೆಸರು ಬರೆದರೆ ಸಾಲದು. ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಅದರ ಫೋಟೋ ತೆಗೆಯಿರಿ. ಮೂರು ತಿಂಗಳು ದಾಟಿದ ಸಿಮೆಂಟಿನ ಬಲ ಕಡಿಮೆಯಾಗುತ್ತಾ ಹೋಗುತ್ತದೆ. ಪೇಂಟ್ ಡಬ್ಬದ ಶೇಡ್ ಕೋಡ್ ಬರೆದಿಡಿ, ಮುಂದೆ ಒಂದು ಗೋಡೆಗೆ ಮಾತ್ರ ಬಣ್ಣ ಹೊಡೆಸಬೇಕಾದಾಗ ಅದೇ ಬಣ್ಣ ಸಿಗುತ್ತದೆ. ವೈರ್ ಸುರುಳಿಯ ಮೇಲೆ ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಐಎಸ್‌ಐ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ತಯಾರಕರಿಗೆ ಕೊಟ್ಟದ್ದು, ಚಾಲ್ತಿಯಲ್ಲಿದೆಯಾ ಅಂತ ತೋರಿಸುತ್ತದೆ. ಗೀಸರ್‌ಗೆ ಎಷ್ಟು ಚದರ ಮಿಲಿಮೀಟರ್ ವೈರ್ ಎಳೆದರು ಅಂತಲೂ ಬರೆಯಿರಿ. ಗೋಡೆಯೊಳಗೆ ಹೋದ ಮೇಲೆ ಯಾರಿಗೂ ಕಾಣುವುದಿಲ್ಲ.

ಮುಚ್ಚಿಹೋಗುವುದನ್ನೆಲ್ಲ ಮುಚ್ಚುವ ಮುಂಚೆ ಫೋಟೋ ತೆಗೆಯುವುದು ಈ ಪುಸ್ತಕದ ಜೀವ. ಗೋಡೆ ಕೊರೆದು ಪೈಪ್ ಇಟ್ಟಾಗ, ಪಕ್ಕದಲ್ಲಿ ಟೇಪ್ ಹಿಡಿದು, ನೆಲದಿಂದ ಎಷ್ಟು, ಬಾಗಿಲಿಂದ ಎಷ್ಟು ಅಂತ ಕಾಣುವ ಹಾಗೆ ತೆಗೆಯಿರಿ. ಹತ್ತು ವರ್ಷ ಕಳೆದು ಕನ್ನಡಿ ಹಾಕಲು ಡ್ರಿಲ್ ಹಿಡಿದವರಿಗೆ ಅದು ಬೇಕಾಗುತ್ತದೆ. ಆಗ ಮೇಸ್ತ್ರಿ ಬೇರೆ, ಮನೆಯ ಮಾಲೀಕರೇ ಬೇರೆ ಇರಬಹುದು.

ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ಇಂಥದ್ದೊಂದು ಒಳ್ಳೆಯ ರೂಢಿ ಹಂಚಿನಲ್ಲೇ ಇತ್ತು. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹಂಚಿನ ಬೆನ್ನಿಗೆ ತಯಾರಕರ ಹೆಸರು ಅಚ್ಚೊತ್ತಿರುತ್ತದೆ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಲು ಮಾಡು ಹತ್ತಿದವರಿಗೆ ಒಡೆದ ಹಂಚು ಯಾರದ್ದು, ಅದೇ ಅಳತೆಯದ್ದು ಎಲ್ಲಿ ಹುಡುಕಬೇಕು ಅಂತ ಆ ಹಂಚೇ ಹೇಳುತ್ತದೆ. ಕಾಂಕ್ರೀಟ್ ಮನೆಗಳು ಹಾಗೆ ಏನನ್ನೂ ಹೇಳುವುದಿಲ್ಲ. ಅದಕ್ಕೇ ನಾವು ಬರೆಯಬೇಕು.

ಹಣದ ವಿಚಾರಕ್ಕೆ ಬರುತ್ತೇನೆ. ಇಲ್ಲಿ ನನಗೆ ಮೇಸ್ತ್ರಿಗಳ ಪರವಾಗಿಯೂ ಮಾತಾಡಬೇಕು ಅನ್ನಿಸುತ್ತದೆ. ಶನಿವಾರ ಬಂದರೆ ಮೇಸ್ತ್ರಿಯ ಎದೆ ಹೊಡೆದುಕೊಳ್ಳುತ್ತದೆ. ಅವತ್ತು ಬಟವಾಡೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಗಾರೆ ಕೆಲಸದವರು, ಬಿಹಾರದಿಂದ ಬಂದ ಪೇಂಟರ್‌ಗಳು ಆ ದಿನದ ಕೂಲಿ ನಂಬಿಕೊಂಡಿರುತ್ತಾರೆ. ಮನೆಯವರು "ಸೋಮವಾರ ನೋಡೋಣ" ಅಂದರೆ ಮೇಸ್ತ್ರಿ ಕೈಸಾಲ ಮಾಡಿ ಕೊಡಬೇಕು. ಹಾಗಾಗಿ ಎಷ್ಟು ಕೆಲಸ ಆದಾಗ ಎಷ್ಟು ಹಣ ಅಂತ ಮೊದಲೇ ಬರೆದುಕೊಂಡು, ಆ ಹಂತ ಮುಗಿದ ದಿನವೇ ಕೊಟ್ಟುಬಿಡಬೇಕು. ಹಂತ ಅಂದರೆ ಕಣ್ಣಿಗೆ ಕಾಣುವಂಥದ್ದು: ಒಡೆದು ಡೆಬ್ರಿಸ್ ಸಾಗಿಸಿ ಆಯಿತು, ಪೈಪ್ ಹಾಕಿ ಒತ್ತಡ ನೋಡಿ ಆಯಿತು, ನೀರು ನಿಲ್ಲಿಸಿ ನೋಡಿ ಆಯಿತು. "ಅರ್ಧ ಕೆಲಸ ಆದಾಗ" ಅಂತ ಬರೆಯಬೇಡಿ, ಅರ್ಧ ಎಲ್ಲಿಗೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅರ್ಧಕ್ಕರ್ಧ ಅಡ್ವಾನ್ಸ್ ಕೊಡುವುದನ್ನು ನಾನು ಒಪ್ಪುವುದಿಲ್ಲ. ಕೆಲಸ ಶುರುವಾಗಲು ಬೇಕಾದಷ್ಟು ಕೊಟ್ಟು, ದುಬಾರಿ ಸಾಮಗ್ರಿಯನ್ನು ನಾವೇ ಅಂಗಡಿಗೆ ಹೋಗಿ ಬಿಲ್ ಹಾಕಿಸಿ ತರುವುದು ವಾಸಿ. ಕೊನೆಯಲ್ಲಿ ಹತ್ತನೇ ಒಂದು ಭಾಗ ಉಳಿಸಿಕೊಂಡರೆ ಅದನ್ನು ಯಾವ ದಿನ ಕೊಡುತ್ತೀರಿ ಅಂತಲೂ ಬರೆದು ಕೊಡಿ. ಆ ದಿನ ಕೊಡಿ.

ಯುಪಿಐನಲ್ಲಿ ಕೊಡುವಾಗ ಟಿಪ್ಪಣಿಯ ಜಾಗದಲ್ಲಿ "ಬಾತ್‌ರೂಮ್ ಎರಡನೇ ಕಂತು" ಅಂತ ಮೂರು ಪದ ಬರೆಯಿರಿ. ನಗದು ಕೊಟ್ಟರೆ ನೋಟ್‌ಬುಕ್‌ನಲ್ಲೇ ಸಹಿ ತಗೊಳ್ಳಿ. ಒಂದೇ ಕೆಲಸಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ಅಡ್ಡಿ ಇದೆ. ನಡುವೆ "ಇದನ್ನೂ ಮಾಡಿಬಿಡಿ" ಅಂತ ಬಾಯಲ್ಲಿ ಹೇಳಿದ್ದನ್ನು ಅವತ್ತೇ ಸಂಜೆ ಒಂದು ವಾಟ್ಸಾಪ್ ಮೆಸೇಜ್ ಮಾಡಿ: ಏನು ಕೆಲಸ, ಎಷ್ಟು ಹಣ, ಎಷ್ಟು ದಿನ ಹೆಚ್ಚು. ಅವರು "ಓಕೆ ಸಾರ್" ಅಂದರೆ ಸಾಕು. ಜಗಳಗಳು ಹೆಚ್ಚಾಗಿ ಹುಟ್ಟುವುದು ಈ ಎಕ್ಸ್‌ಟ್ರಾಗಳಲ್ಲೇ.

ಬಿಲ್ ಇಟ್ಟುಕೊಳ್ಳುವುದಕ್ಕೆ ಇನ್ನೊಂದು ಕಾರಣವಿದೆ. ಮುಂದೆ ಮನೆ ಮಾರಿದರೆ ಲಾಭದ ಮೇಲಿನ ತೆರಿಗೆ ಲೆಕ್ಕದಲ್ಲಿ ಮನೆಗೆ ಮಾಡಿದ ಸುಧಾರಣೆಯ ಖರ್ಚನ್ನು ಕಳೆಯಲು ಅವಕಾಶ ಇದೆ. ಸುಣ್ಣಬಣ್ಣದಂಥ ಮಾಮೂಲಿ ರಿಪೇರಿ ಅದಕ್ಕೆ ಸೇರುವುದಿಲ್ಲ, ಮೇಲೊಂದು ಕೋಣೆ ಕಟ್ಟಿಸಿದ್ದರೆ ಸೇರುತ್ತದೆ. ಬಿಲ್ ಇಲ್ಲದೆ ಯಾರೂ ನಂಬುವುದಿಲ್ಲ.

ಕೆಲಸ ಕೆಟ್ಟರೆ? ಮೊದಲು ಬರವಣಿಗೆಯಲ್ಲಿ ತಿಳಿಸಿ, ಸರಿಮಾಡಲು ಸಮಯ ಕೊಡಿ. ಅದೂ ಆಗಲಿಲ್ಲ ಅಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಮನೆ ಕಟ್ಟುವ ಕೆಲಸ ಆ ಕಾಯ್ದೆ ಹೇಳುವ ಸೇವೆಯಲ್ಲಿ ಸೇರಿದೆ. ಕೊಟ್ಟ ಹಣ 50 ಲಕ್ಷದ ಒಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದ ಒಳಗೆ ಕೊಡಬೇಕು. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಗಮನಿಸಿ, ಆಯೋಗದ ವ್ಯಾಪ್ತಿ ತೀರ್ಮಾನ ಆಗುವುದು ನೀವು ಕೊಟ್ಟ ಹಣದ ಮೇಲೆ. ಕೊಟ್ಟದ್ದಕ್ಕೆ ದಾಖಲೆ ಇಲ್ಲದಿದ್ದರೆ ಮೊದಲ ಮೆಟ್ಟಿಲಲ್ಲೇ ತೊಡಕು. ದಿನಗೂಲಿಗೆ ಕರೆದು, ನೀವೇ ಸಾಮಗ್ರಿ ತಂದು, ನೀವೇ ನಿಂತು ಹೇಳಿ ಮಾಡಿಸಿದ ಕೆಲಸ ವೈಯಕ್ತಿಕ ಸೇವೆ ಅನ್ನಿಸಿಕೊಳ್ಳಬಹುದು. ಅದನ್ನು ಈ ಕಾಯ್ದೆ ಹೊರಗಿಟ್ಟಿದೆ. ವಾಟ್ಸಾಪ್ ಮೆಸೇಜ್‌ಗಳು ಸಾಕ್ಷಿಯಾಗುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ ಕೋರ್ಟಿಗೆ ಕೊಡುವಾಗ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು. ಫೋನ್ ಬದಲಾಯಿಸುವಾಗ ಚಾಟ್ ಅಳಿಸಿಹಾಕಬೇಡಿ.

ಹೊಸ ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು. ಮನೆ ಕೈಗೆ ಬಂದು ಐದು ವರ್ಷ ಆಗಿಲ್ಲ ಅಂದರೆ ಮೇಸ್ತ್ರಿಗೆ ಫೋನ್ ಮಾಡುವ ಮುಂಚೆ ಬಿಲ್ಡರ್‌ಗೆ ಬರೆಯಿರಿ. ಕಟ್ಟಡದ ರಚನೆಯಲ್ಲಿ, ಕಾಮಗಾರಿಯ ಗುಣಮಟ್ಟದಲ್ಲಿ ದೋಷ ಕಂಡರೆ ಐದು ವರ್ಷದ ತನಕ ಅವರೇ, ನಿಮಗೆ ಖರ್ಚಿಲ್ಲದೆ, 30 ದಿನದಲ್ಲಿ ಸರಿಮಾಡಿಕೊಡಬೇಕು ಅಂತ ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾನೂನು, ಹೇಳುತ್ತದೆ.

ಕೊನೆಯದಾಗಿ, ಇಡೀ ಬಡಾವಣೆಗೆ ಒಂದು ಪುಸ್ತಕ. ನಮ್ಮ ನಮ್ಮ ನೋಟ್‌ಬುಕ್‌ನಿಂದ ನಾಲ್ಕೈದು ಸಾಲು ತೆಗೆದು ಸಂಘದ ಕಚೇರಿಯಲ್ಲಿ ಒಂದು ರಿಜಿಸ್ಟರ್ ಇಡೋಣ ಅಂತ ನನ್ನ ಕೋರಿಕೆ. ಅದರಲ್ಲಿ ನಡೆದದ್ದನ್ನು ಮಾತ್ರ ಬರೆಯೋಣ. "10 ದಿನ ಅಂದರು, 24 ದಿನ ಆಯಿತು. ಆರು ತಿಂಗಳಿಗೆ ತೇವ ಬಂತು, ಕರೆದಾಗ ವಾರದೊಳಗೆ ಬಂದು ಹಣ ಕೇಳದೆ ಸರಿಮಾಡಿದರು." ಇಷ್ಟರಿಂದ ಓದುವವರಿಗೆ ಎಲ್ಲ ತಿಳಿಯುತ್ತದೆ. ಕಳ್ಳ, ಮೋಸಗಾರ ಅನ್ನುವ ಪದ ಬರೆದರೆ ಮಾನನಷ್ಟದ ಪ್ರಶ್ನೆ ಬರುತ್ತದೆ, ಒಬ್ಬ ದುಡಿಯುವ ಮನುಷ್ಯನ ಹೊಟ್ಟೆಯ ಮೇಲೆ ಹೊಡೆದ ಹಾಗೂ ಆಗುತ್ತದೆ. ಬರೆದದ್ದನ್ನು ಆ ಮೇಸ್ತ್ರಿಗೆ ತೋರಿಸಿ, ಅವರ ಉತ್ತರವನ್ನೂ ಕೆಳಗೆ ಬರೆಯಲು ಜಾಗ ಬಿಡೋಣ. ಒಂದು ವರ್ಷ ಕಳೆದ ಮೇಲೆ ಕೆಲಸ ಹೇಗಿದೆ ಅಂತ ಅದೇ ಪುಟದಲ್ಲಿ ಇನ್ನೊಂದು ಸಾಲು ಸೇರಿಸೋಣ.

ಪ್ರಶ್ನೆಗಳು

ಕೆಲಸದವರ ಆಧಾರ್ ಪ್ರತಿ ಇಟ್ಟುಕೊಳ್ಳಬೇಕಾ?

ಸಣ್ಣ ಕೆಲಸಕ್ಕೆ ಬೇಡ. ವಾರಗಟ್ಟಲೆ ಮನೆಯೊಳಗೆ ನಡೆಯುವ ಕೆಲಸವಾದರೆ ಕೇಳಬಹುದು. ಕೇಳಿದರೂ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ಅದನ್ನು ಗುಂಪಿಗೆ ಹಾಕಲೇಬಾರದು, ಕೆಲಸ ಮುಗಿದ ಮೇಲೆ ಅಳಿಸಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯಾ ಅಂತ ಕೇಳುವುದು ಒಳ್ಳೆಯದು. ಇಲ್ಲದಿದ್ದರೆ ಮಾಡಿಸಿಕೊಳ್ಳಲು ಹೇಳಿ. ಅದಕ್ಕೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ನಿಮ್ಮ ನೋಟ್‌ಬುಕ್‌ನಲ್ಲಿ ದಿನಗಳ ಲೆಕ್ಕ ಇದ್ದರೆ ಅವರಿಗೆ ಅದೂ ನೆರವಾಗುತ್ತದೆ.

ಇಷ್ಟೆಲ್ಲ ಬರೆಸಿದರೆ ಒಳ್ಳೆಯ ಮೇಸ್ತ್ರಿಗಳು ಕೆಲಸವೇ ಬೇಡ ಅಂತ ಹೋಗುವುದಿಲ್ಲವಾ?

ಕೆಲವರು ಹೋಗುತ್ತಾರೆ. ಹೆಚ್ಚಿನವರು ಹೋಗುವುದಿಲ್ಲ. ಅವರು ಹೆದರುವುದು ಬರವಣಿಗೆಗೆ ಅಲ್ಲ, ಕೊನೆಯ ಕಂತು ಬರುವುದಿಲ್ಲ ಅನ್ನುವುದಕ್ಕೆ. ಕೊಡುವ ದಿನವನ್ನು ನೀವು ಮೊದಲು ಬರೆದು ಸಹಿ ಹಾಕಿ ಅವರ ಕೈಗೆ ಒಂದು ಪ್ರತಿ ಕೊಡಿ. ಓದಲು ಬಾರದವರಾದರೆ ಅವರ ಕಡೆಯವರಿಂದ ಓದಿಸಿ, ಸಾವಕಾಶವಾಗಿ.

ನಾವು ಹಳೆಯ ಮನೆ ಕೊಂಡಿದ್ದೇವೆ. ಹಿಂದಿನವರ ಕಾಗದ ಒಂದೂ ಇಲ್ಲ. ಎಲ್ಲಿಂದ ಶುರು ಮಾಡುವುದು?

ಮಾರಿದವರಿಗೆ ಫೋನ್ ಮಾಡಿ ಅವರ ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಯಾರು ಅಂತ ಕೇಳಿ. ಅವರಲ್ಲಿ ಒಬ್ಬರನ್ನಾದರೂ ಕರೆಸಿ, ಸಂಪಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಬಾತ್‌ರೂಮಿಗೆ ಪೈಪ್ ಎಲ್ಲಿ ಹೋಗಿದೆ ಅಂತ ತೋರಿಸಲು ಹೇಳಿ. ಆ ಹೊತ್ತಿನ ಕೂಲಿ ಕೊಡಿ. ಪ್ರತಿ ವಾಲ್ವ್ ಮುಚ್ಚಿ ನೋಡಿ, ಯಾವ ನಲ್ಲಿ ನಿಲ್ಲುತ್ತದೆ ಅಂತ ಬರೆಯಿರಿ. ಎಲೆಕ್ಟ್ರಿಕ್ ಬೋರ್ಡಿನ ಒಂದೊಂದು ಎಂಸಿಬಿ (ಫ್ಯೂಸ್ ಬದಲು ಇರುವ ಸ್ವಿಚ್ಚು) ಇಳಿಸಿ, ಯಾವ ಕೋಣೆ ಆರುತ್ತದೆ ಅಂತ ಬರೆದು ಅಲ್ಲೇ ಚೀಟಿ ಅಂಟಿಸಿ. ನೋಟ್‌ಬುಕ್‌ನ ಮೊದಲ ಎರಡು ಪುಟಕ್ಕೆ ಇಷ್ಟು ಸಾಕು.